ಬೆಳಕು ತೂರದಿದ್ದರೆ

"ಒತ್ತಾಯ ಮಾಡ್ಬೇಡಿ ಭಾವ. ಆ ನಟ್ಟು ಈ ಕಡ್ಡಿ ಜೋಡಿ ಅಲ್ಲ," ಎಂದು, ಬಾಯಿ ಜೋರಿಗೆ ಮನೆಯವರಿಂದ ಪಟಾಕಿ ಎಂದೇ ಕರೆಸಿಕೊಳ್ಳುವ ನಾದಿನಿ ಅವನ ಕೈಯಿಂದ ಚಕ್ರದ ಕಡ್ಡಿಯನ್ನು ಕಸಿದುಕೊಂಡಳು.

"ಸಲೀಸಾಗಿ ಹೋಗ್ತಿತ್ತು ಕಣೇ."

"ಮೊದಲೆರಡು ಸುತ್ತು ಎಲ್ಲವೂ ಸಲೀಸೇ. ಆಮೇಲೆ ಕಚ್ಕೊಂಡ್ರೆ ಹಿಂದಕ್ಕೂ ಬರಲ್ಲ, ಮುಂದಕ್ಕೂ ಹೋಗಲ್ಲ. ಬೆಳಕಿಗೆ ಹಿಡಿದು ನೋಡಿ ಅಂತ ಎಷ್ಟು ಸಲ ಬಡ್ಕೊಳ್ಳಲಿ?"

ಅವಳ ಚಕ್ರ ಕಟ್ಟುವ ಅಂಗಡಿಯ ಮೂಲೆಯಲ್ಲಿ ಯಾರದೋ ಅಜ್ಜನ ಕಾಲದ ಮೋಟರ್‌ಸೈಕಲ್ಲು ಎರಡೂ ಚಕ್ರ ಕಳಚಿಕೊಂಡು ಇಟ್ಟಿಗೆಗಳ ಮೇಲೆ ಕೂತಿತ್ತು. ಮುಂದಿನ ಚಕ್ರದ ಕಡ್ಡಿಗಳು ಗಾಡಿ ಹುಟ್ಟಿದಾಗಿನವು, ಅವುಗಳ ತುದಿಯ ಥ್ರೆಡ್ಡು, ಅಂದರೆ ತಿರುಪಿನ ಹಲ್ಲು, ನಯ. ಹಿಂದಿನವನ್ನು ಯಾರೋ ನಡುವೆ ಬದಲಾಯಿಸಿದ್ದರು, ಅವುಗಳದ್ದು ಕೊಂಚ ಒರಟು. ಬರಿಗಣ್ಣಿಗೆ ಎರಡೂ ಅವಳಿ ಜವಳಿ. ಗುರುತು ಹಿಡಿಯಲು ಗೊತ್ತಿರುವ ಕಡ್ಡಿಯ ಹಲ್ಲಿಗೆ ಗೊತ್ತಿಲ್ಲದ್ದರ ಹಲ್ಲನ್ನು ಕೂಡಿಸಿ ಕಿಟಕಿಯ ಕಡೆ ಹಿಡಿಯಬೇಕು. ನಡುವೆ ಬೆಳಕು ತೂರದಿದ್ದರೆ ಎರಡೂ ಒಂದೇ ಸೈಜು.

ನಿಜ ಹೇಳಬೇಕೆಂದರೆ ಈ ಕಡ್ಡಿ, ನಟ್ಟುಗಳನ್ನೆಲ್ಲ ಪಟಾಕಿ ನಿನ್ನೆಯೇ ಬೇರೆ ಮಾಡಿ ಎರಡು ಡಬ್ಬಿಗೆ ಹಾಕಿಟ್ಟಿದ್ದಳು. ಬೆಳಿಗ್ಗೆ ಭಾವನ ಚಪ್ಪಲಿ ಸದ್ದು ಕೇಳಿದ್ದೇ ತಡ, ಎರಡನ್ನೂ ಒಂದೇ ತಟ್ಟೆಗೆ ಸುರಿದುಬಿಟ್ಟಳು. ಆಸ್ಪತ್ರೆಯಲ್ಲಿ ಅಕ್ಕನ ಹೊಟ್ಟೆಯ ಗಡ್ಡೆ ತೆಗೆಯುತ್ತಿದ್ದರು. ಒಳಗೆ ಕರೆದೊಯ್ಯುವ ಮುಂಚೆ ಅಕ್ಕ ಫೋನಿನಲ್ಲಿ ಹೇಳಿದ್ದಿಷ್ಟೇ: "ನಿಮ್ಮ ಭಾವ ಅಲ್ಲಿಗೆ ಬಂದ್ರೆ ಕೈಗೊಂದು ಕೆಲಸ ಕೊಡು. ಸುಮ್ನೆ ಕೂತ್ರೆ ಆ ಮನುಷ್ಯ ಕರಗಿ ಹೋಗ್ತಾರೆ."

ಭಾವ ಬಂದವನೇ, "ನಿಮ್ಮಮ್ಮ ಓಡಿಸಿಬಿಟ್ರು. ನಾನು ಅಲ್ಲಿ ಸುತ್ತುತ್ತಿದ್ರೆ ಡಾಕ್ಟ್ರಿಗೂ ತಲೆ ಸುತ್ತುತ್ತಂತೆ," ಅಂದಿದ್ದ. ಅಲ್ಲಿಂದ ಶುರು. ಕೂರುತ್ತಾನೆ, ಏಳುತ್ತಾನೆ, ಬಾಗಿಲಿಗೆ ಹೋಗಿ ಬರುತ್ತಾನೆ, ಒಂದು ಕಡ್ಡಿ ಎತ್ತಿಕೊಂಡು ಸರಿಯಾಗಿ ತಪ್ಪು ನಟ್ಟಿಗೇ ತೂರಿಸುತ್ತಾನೆ. ಪಟಾಕಿ ಬೈಯುತ್ತಾಳೆ. ಬೈದು ಮುಗಿಸಿ ಮೇಜಿನ ಮೇಲೆ ಅಕ್ಕಪಕ್ಕ ಮಲಗಿದ್ದ ಇಬ್ಬರ ಫೋನನ್ನೂ ನೋಡುತ್ತಾಳೆ.

ಅವಳು ಮೇಜಿನಂಚಿಗೆ ಬಿಗಿದಿದ್ದ ವೈಸಿನ ದವಡೆಗೆ ಒಂದು ಕಡ್ಡಿ ಸಿಕ್ಕಿಸಿ ನಟ್ಟು ಕೂರಿಸುತ್ತಿದ್ದಾಗ ಅವಳ ಫೋನು ಕಿರುಚಿತು. ಇಬ್ಬರೂ ಬೆಚ್ಚಿದರು. ಗಾಡಿಯವನು. ಚಕ್ರ ಆಯ್ತಾ ಎಂದು ಕೇಳುತ್ತಿದ್ದ.

"ಆಗುತ್ತೆ, ಇಡ್ರೀ ಫೋನು," ಎಂದು ಪಟಾಕಿ ಒಂದು ಕೈಯಲ್ಲಿ ಫೋನು ಕುಕ್ಕಿ, ಇನ್ನೊಂದು ಕೈಯಲ್ಲಿ ನಟ್ಟು ತಿರುಗಿಸುತ್ತಲೇ ಇದ್ದಳು.

ಅದು ಮತ್ತೆ ಕಿರುಚಿತು. ಈ ಸಲ ಅಮ್ಮ.

"ಗಡ್ಡೆ ಪೂರ್ತಿ ಬಂತಂತೆ. ಭಯ ಇಲ್ಲ ಅಂದ್ರು. ಕಣ್ಣು ಬಿಟ್ಟಿದಾಳೆ ಕಣೇ. ಮಂಪರಲ್ಲಿ ಏನೇನೋ ಕೇಳ್ತಿದಾಳೆ. ಅವರಿಬ್ಬರಲ್ಲಿ ಯಾರು ಯಾರನ್ನ ನೋಡ್ಕೊಂಡ್ರು ಅಂತೆ. ನನಗಂತೂ ತಲೆಬುಡ ಅರ್ಥ ಆಗ್ಲಿಲ್ಲ. ಬೇಗ ಬನ್ನಿ."

ಭಾವ ಸ್ಟೂಲೆಳೆದು ಕೂತ. ಪಟಾಕಿ ಅವನನ್ನೇ ನೋಡಿದಳು.

"ಅಕ್ಕ ನಿಮಗೂ ಏನಾದ್ರೂ ಹೇಳಿದ್ಲಾ?"

"ಪಟಾಕಿ ಒಬ್ಳೇ ಇರ್ತಾಳೆ, ಹೋಗಿ ಬೈಸ್ಕೊಳ್ಳಿ ಅಂದ್ಲು. ಬೈಯೋಕೆ ಒಬ್ರು ಸಿಕ್ಕಿದ್ರೆ ಅವಳಿಗೆ ಹೆದರೋಕೆ ಪುರುಸೊತ್ತಿರಲ್ಲ ಅಂತ."

"ಅಂದ್ರೆ ಅಮ್ಮ ಓಡಿಸಿದ್ದು?"

"ಸುಳ್ಳು."

"ಬೆಳಿಗ್ಗೆಯಿಂದ ಮಾಡಿದ ತಪ್ಪೆಲ್ಲ ಬೇಕಂತಲೇನಾ?"

"ಮೊದಲನೇದು ಬಿಟ್ಟು," ಎಂದು ಭಾವ ಕಣ್ಣೊರೆಸಿಕೊಂಡು ವೈಸಿನ ಕಡೆ ಗದ್ದ ತಿರುಗಿಸಿದ. "ಅಲ್ಲಿ ಕಚ್ಕೊಂಡಿರೋದು ಮಾತ್ರ ನಂದಲ್ಲ ತಾಯಿ."

ವೈಸಿನಲ್ಲಿದ್ದ ಕಡ್ಡಿಗೆ ಬೇರೆ ಸೈಜಿನ ನಟ್ಟು ಅರ್ಧಕ್ಕೆ ಓರೆಯಾಗಿ ಕಚ್ಚಿಕೊಂಡಿತ್ತು. ಪಟಾಕಿ ಇಕ್ಕಳ ಹಾಕಿ ತಿರುಗಿಸಿದಳು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ.

"ಅಕ್ಕಂಗೆ ಹೇಳ್ಬೇಡಿ ಭಾವ."

ಭಾವ ವೈಸು ಸಡಿಲಿಸಿದ. ಆ ಕಡ್ಡಿಯನ್ನು ಎಲ್ಲರಿಗೂ ಕಾಣುವಂತೆ ಅಂಗಿಯ ಜೇಬಿಗೆ ಪೆನ್ನಿನ ಹಾಗೆ ಸಿಕ್ಕಿಸಿಕೊಂಡು, ಆಸ್ಪತ್ರೆಗೆ ಹೋಗಲು ಅವಳಿಗಿಂತ ಮುಂಚೆ ಬೀದಿಗಿಳಿದ.