ನಿಲ್ಲಿಸಿಬಿಡಿ

ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿದೆ ಎಂದು ತಿಳಿದಾಗಿನಿಂದ ಎಂಜಿನಿಯರ್ ನಿರುಪಮಾಳಿಗೆ ನೆಮ್ಮದಿ ಇರಲಿಲ್ಲ. ಆ ರೆಕ್ಕೆಯನ್ನು ಕಂಪ್ಯೂಟರಿನೊಳಗೆ ಹಾಗೆಯೇ ಕಟ್ಟಿ, ಸಂಜೆ ಬೀಸಲಿದ್ದ ಬಿರುಗಾಳಿಯನ್ನು ಅದರ ಮೇಲೆ ಬಿಟ್ಟು ನೋಡಿದಳು. ತಿರುಗುತ್ತಿದ್ದ ರೆಕ್ಕೆ ತೆರೆಯ ಮೇಲೆ ಬಳುಕಿತು, ಅದುರಿತು, ಬುಡದಲ್ಲೇ ಮುರಿಯಿತು.

"ಅದನ್ನ ನಿಲ್ಲಿಸಿಬಿಡಿ ಸರ್," ಎಂದು ಮ್ಯಾನೇಜರ್ ಎದುರು ನಿಂತಳು.

"ಕಂಪ್ಯೂಟರ್ ಹೇಳಿದ್ದಕ್ಕೆಲ್ಲ ನಿಲ್ಲಿಸ್ತಾ ಹೋದ್ರೆ ಕರೆಂಟ್ ಎಲ್ಲಿಂದ ಬರುತ್ತಮ್ಮ?"

"ರೆಕ್ಕೆ ಮುರಿದು ಯಾರ ಮೇಲಾದ್ರೂ ಬಿದ್ರೆ ನೀವು ಉತ್ತರ ಕೊಡ್ತೀರಾ?"

ಅವರು ಮುಖ ಗಂಟು ಹಾಕಿಕೊಂಡೇ ಒಪ್ಪಿದರು. ಗುಡ್ಡದಲ್ಲಿದ್ದ ಮೆಕ್ಯಾನಿಕ್ ಫಕೀರಪ್ಪನಿಗೆ ನಿರುಪಮಾ ತಾನೇ ಫೋನ್ ಮಾಡಿ ಹೇಳಿದಳು. ಸ್ವಲ್ಪ ಹೊತ್ತಿಗೆ ಅವನೇ ತಿರುಗಿ ಫೋನ್ ಮಾಡಿದ.

"ಬ್ರೇಕ್ ಹಾಕೀನ್ರಿ ಮೇಡಂ. ಹೆಂಗೂ ನಿಂತೈತಿ, ಈಗ ಗಾಳಿನೂ ಕಮ್ಮಿ ಐತಿ. ಮ್ಯಾಲ ಹತ್ತಿ ಬಿರುಕು ನೋಡಿ ಬರ್ತೀನಿ."

"ಹುಷಾರಾಗಿ ಹೋಗಿಬನ್ನಿ," ಎಂದಳು. ಅವಳ ಎದೆಭಾರ ಇಳಿದಿತ್ತು.

ಕೆಲಸ ಪೂರ್ತಿಯಾಗಲಿ ಎಂದು, ಕಂಪ್ಯೂಟರಿನಲ್ಲಿ ನಿಂತ ರೆಕ್ಕೆಯ ಮೇಲೂ ಒಮ್ಮೆ ಗಾಳಿ ಬಿಟ್ಟು ನೋಡಿದಳು, ಈಗ ಗುಡ್ಡದಲ್ಲಿ ಬೀಸುತ್ತಿದ್ದಷ್ಟೇ ಗಾಳಿ. ಬದಿಯಿಂದ ಬಂದ ಆ ಗಾಳಿ ರೆಕ್ಕೆಯ ಹಿಂದೆ ಸುಳಿಸುಳಿಯಾಗಿ ಸುತ್ತಿತು. ಒಂದೊಂದು ಸುಳಿಯೂ ಅದನ್ನು ಅತ್ತಿತ್ತ ಜಗ್ಗಿ, ನಡುಕವನ್ನು ಹೆಚ್ಚಿಸುತ್ತಾ ಹೋಯಿತು. ತಿರುಗುವಾಗ ಬಿರುಗಾಳಿಗೆ ಮುರಿದಿದ್ದ ರೆಕ್ಕೆ, ನಿಂತಾಗ ತಂಗಾಳಿಗೇ ಮುರಿಯಿತು.

ಅವಳು ಫೋನಿಗೆ ಕೈ ಹಾಕುವಷ್ಟರಲ್ಲಿ ಅದೇ ರಿಂಗಾಯಿತು.

"ನಾ ಮ್ಯಾಲ ಅದೀನ್ರಿ ಮೇಡಂ," ಎಂದ ಫಕೀರಪ್ಪ. "ಬ್ರೇಕ್ ಹಾಕಿದ ರೆಕ್ಕಿ ಹಿಂಗ್ಯಾಕ ನಡಗಾಕತ್ತೈತ್ರೀ?"