ಮೇಲೆ ಅನುದಾನ, ಕೆಳಗೆ ದಾಖಲಾತಿ

ಸುಭದ್ರಾ ತಪ್ಪು ಗುಂಪಿನ ಹಿಂದೆ ಮೆಟ್ಟಿಲು ಹತ್ತಿಬಿಟ್ಟಳು. ನಗರದಂಚಿನ ಜೋಕಾದ ಆಚೆಗಿನ ಆ ಸರ್ಕಾರಿ ಶಾಲೆಯ ಗೇಟಿಗೆ ‘ಹೊಸ ಕುಟುಂಬಗಳಿಗೆ ನಮ್ಮ ಶಾಲೆಯ ಪರಿಚಯ’ ಎಂಬ ಬ್ಯಾನರ್ ಕಟ್ಟಿದ್ದರು. ಒಳಗೆ ಫೈಲು ಹಿಡಿದ ಐದಾರು ಜನ ಮಹಡಿಯ ಕಡೆ ಹೊರಟಿದ್ದರು. ಅವಳ ಕೈಯಲ್ಲೂ ಒಂದು ಫೈಲಿತ್ತು. ಇವರೂ ತನ್ನ ಹಾಗೆ ಪಾಲಕರೇ ಇರಬೇಕೆಂದುಕೊಂಡು ಮಗಳನ್ನು ಎಳೆದುಕೊಂಡು ಹಿಂಬಾಲಿಸಿದಳು.

“ಮಮ್ಮಿ, ಇವರ ಜೊತೆ ಬಚ್ಚೇನೇ ಇಲ್ಲ,” ಎಂದಳು ಏಳನೇ ತರಗತಿಗೆ ಸೇರಬೇಕಾಗಿದ್ದ ಶ್ರಾವ್ಯಾ.

“ಮನ್ಯಾಗ ಬಿಟ್ಟು ಬಂದಿರ್ತಾರ. ಸುಮ್ನ ನಡೀ.”

ಮಹಡಿಯಲ್ಲಿ ಪ್ರಿಯಂವದಾ ಎಂಬ ಉಪಮುಖ್ಯೋಪಾಧ್ಯಾಯಿನಿ, ಹೆಣದ ಮುಖದ ಮೇಲಿನ ಬಟ್ಟೆ ಸರಿಸುವವರಂತೆ ಒಂದೊಂದೇ ಕೋಣೆಯ ಬಾಗಿಲು ತೆರೆದು ತೋರಿಸುತ್ತಿದ್ದರು. “ಇದು ಪ್ರಯೋಗಾಲಯ. ಇರುವುದು ಒಂದೇ ಮೈಕ್ರೋಸ್ಕೋಪು, ಅದಕ್ಕೂ ಕಣ್ಣಿಲ್ಲ. ಇದು ಗ್ರಂಥಾಲಯ. ಇಲ್ಲಿ ಓದುವವು ಗೆದ್ದಲು ಮಾತ್ರ. ಗಣಿತಕ್ಕೆ ಮೂರು ವರ್ಷದಿಂದ ಯಾರೂ ಇಲ್ಲ, ಡ್ರಿಲ್ ಮಾಸ್ತರರೇ ಬೀಜಗಣಿತ ಮಾಡುತ್ತಾರೆ.” ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಸುಭದ್ರಾಳ ಗಂಡ ಪ್ರಸನ್ನನಿಗೆ ಖರಗ್‌ಪುರದಿಂದ ಗಾರ್ಡನ್ ರೀಚ್‌ನ ರೈಲ್ವೆ ಕಚೇರಿಗೆ ವರ್ಷದ ನಡುವೆ ವರ್ಗವಾಗಿತ್ತು. ಹತ್ತಿರದ ಯಾವ ಶಾಲೆಯಲ್ಲೂ ಸೀಟು ಉಳಿದಿರಲಿಲ್ಲ. ಉಳಿದದ್ದು ಇದೊಂದೇ. ಆದರೂ ತಮ್ಮ ಶಾಲೆಯನ್ನು ಇಷ್ಟು ಪ್ರಾಮಾಣಿಕವಾಗಿ ಪರಿಚಯಿಸುವವರನ್ನು ತಾನು ಎಲ್ಲೂ ಕಂಡಿಲ್ಲವಲ್ಲ ಎಂದು ಅವಳಿಗೆ ಗೌರವವೇ ಮೂಡಿತು. ಆಗ ಪ್ರಿಯಂವದಾ ಅವರ ಕಣ್ಣು ಶ್ರಾವ್ಯಾಳ ಮೇಲೆ ಬಿತ್ತು.

“ನೀವು ಅನುದಾನ ಸಮಿತಿಯವರಲ್ಲವೇ?” ಎಂದು ಪಿಸುಗುಟ್ಟಿದರು.

“ಅಲ್ಲ, ಹೊಸದಾಗಿ ಬಂದ ಪಾಲಕರು.”

“ಅಯ್ಯೋ! ನಿಮಗೆ ತೋರಿಸಬೇಕಾದ ಶಾಲೆ ಕೆಳಗಿದೆ!”

ಕೆಳಗಿನ ಸಭಾಂಗಣದಲ್ಲಿ ಅರವತ್ತು ಮಂದಿ ಪಾಲಕರು ತಟ್ಟೆಯಲ್ಲಿ ಶಿಂಗಾಡಾ ಎಂಬ ಸಮೋಸ, ಸಂದೇಶ್ ಸಿಹಿ ಇಟ್ಟುಕೊಂಡು ಕೂತಿದ್ದರು. ಹೆಡ್‌ಮಾಸ್ಟರ್ ಪರಿತೋಷ್ ಬಾಬು ಪರದೆಯ ಮೇಲೆ ಚಿತ್ರ ತೋರಿಸುತ್ತಿದ್ದರು. ಸುಸಜ್ಜಿತ ಪ್ರಯೋಗಾಲಯ, ಎಷ್ಟು ಹತ್ತಿರದಿಂದ ಫೋಟೋ ತೆಗೆದಿದ್ದರೆಂದರೆ ಆ ಕುರುಡು ಮೈಕ್ರೋಸ್ಕೋಪು ಫಿರಂಗಿಯಂತೆ ಕಾಣುತ್ತಿತ್ತು. ಸಮೃದ್ಧ ಗ್ರಂಥಾಲಯ. ಗಣಿತಕ್ಕೆ ನುರಿತ ಅಧ್ಯಾಪಕರು.

“ಸೇಮ್ ಮೈಕ್ರೋಸ್ಕೋಪು, ಮಮ್ಮಿ,” ಎಂದು ಶ್ರಾವ್ಯಾ ಕಿವಿಯಲ್ಲಿ ಉಸುರಿದಳು. ಸುಭದ್ರಾ ಎದ್ದು ನೇರ ವೇದಿಕೆಯ ಹತ್ತಿರ ಹೋದಳು. “ಗಣಿತಕ್ಕೆ ಯಾರೂ ಇಲ್ಲ ಅಂತ ಈಗಷ್ಟೇ ಮೇಲೆ ಕೇಳಿಬಂದೆ, ಸರ್,” ಎಂದಳು ಹಿಂದಿಯಲ್ಲಿ.

ಪರಿತೋಷ್ ಬಾಬು ಅವಳನ್ನು ಪಕ್ಕಕ್ಕೆ ಕರೆದರು. ಸಿಟ್ಟಾಗಲಿಲ್ಲ. “ಆ ಸಮಿತಿಯವರು ಬರಬೇಕಾಗಿದ್ದದ್ದು ನಾಳೆ, ದೀದಿ. ಇವತ್ತೇ ಬಂದುಬಿಟ್ಟರು. ಅವರ ಮುಂದೆ ಎಲ್ಲ ಇದೆ ಅಂದರೆ ಅನುದಾನ ಬರೋದಿಲ್ಲ. ನಿಮ್ಮ ಮುಂದೆ ಏನೂ ಇಲ್ಲ ಅಂದರೆ ಮಕ್ಕಳು ಬರೋದಿಲ್ಲ. ಎರಡೂ ಬರದಿದ್ದರೆ ಶಾಲೆಗೆ ಬೀಗ. ನೀವೇ ಹೇಳಿ, ನಾನು ಯಾರಿಗೆ ಏನು ಹೇಳಲಿ?”

ಅವರ ಅಂಗಿಯ ಕಾಲರು ಹರಿದು ಒಳಗಿನ ಬಟ್ಟೆ ಕಾಣುತ್ತಿತ್ತು. ಸುಭದ್ರಾ ಮದುವೆಗೆ ಮುಂಚೆ ಧಾರವಾಡದ ಹೈಸ್ಕೂಲೊಂದರಲ್ಲಿ ನಾಲ್ಕು ವರ್ಷ ಗಣಿತ ಕಲಿಸಿದವಳು. ಆಮೇಲೆ ಗಂಡನಿಗೆ ವರ್ಗವಾದಲ್ಲೆಲ್ಲ ಅವಳೂ ಹೋದಳು; ಕೈಗೆ ಸೀಮೆಸುಣ್ಣ ಹತ್ತಿ ಹದಿನಾಲ್ಕು ವರ್ಷವಾಗಿತ್ತು. “ನಾನು ಎಂಎಸ್ಸಿ ಗಣಿತ, ಸರ್. ನಾನೇ ಬಂದು ಕಲಿಸ್ತೀನಿ. ಇವಳಿಗೆ ಸೀಟು ಕೊಡಿ,” ಎಂಬ ಮಾತು ಅವಳ ಬಾಯಿಂದ ಹೊರಟು, ಶ್ರಾವ್ಯಾಳ ಅರ್ಜಿ ಅವರ ಕೈ ಸೇರಿದ ಮೇಲೆಯೇ ತಾನೇನು ಹೇಳಿದೆನೆಂದು ಅವಳಿಗೆ ತಿಳಿದದ್ದು.

ಪರಿತೋಷ್ ಬಾಬು ಇನ್ನೊಮ್ಮೆ ಹೇಳಿಸಿಕೊಳ್ಳಲಿಲ್ಲ. ಕೈಹಿಡಿದು ವೇದಿಕೆಗೆ ಹತ್ತಿಸಿ ಘೋಷಿಸಿದರು: “ಇವರೇ ನಮ್ಮ ಗಣಿತದ ಅಧ್ಯಾಪಿಕೆ!” ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಇಷ್ಟು ವರ್ಷ ರೈಲ್ವೆ ಕ್ವಾರ್ಟರ್ಸಿನಲ್ಲಿ ‘ಪ್ರಸನ್ನ ಅವರ ಮಿಸೆಸ್’ ಆಗಿದ್ದವಳ ಬೆನ್ನು ತಾನಾಗಿ ನೆಟ್ಟಗಾಯಿತು. ಎಲ್ಲರಿಗಿಂತ ಜೋರಾಗಿ ಶ್ರಾವ್ಯಾ ಚಪ್ಪಾಳೆ ತಟ್ಟುತ್ತಿದ್ದಳು.

ಆ ಸದ್ದು ನಿಲ್ಲುವ ಮೊದಲೇ ಅನುದಾನ ಸಮಿತಿ ಮಹಡಿ ಇಳಿದು ಸಭಾಂಗಣದೊಳಗೆ ಬಂತು. ಪರಿತೋಷ್ ಬಾಬು ಅವರ ಮುಖ ಬಿಳಿಚಿಕೊಂಡಿತು. “ದೀದಿ, ಐದೇ ನಿಮಿಷ ನೀವು ಇಲ್ಲ,” ಎಂದರು ತುಟಿ ಅಲುಗಿಸದೆ.

ಸಮಿತಿಯ ಅಧ್ಯಕ್ಷರು ಫೈಲು ತೆರೆದರು. “ಗಣಿತದ ಹುದ್ದೆ ಮೂರು ವರ್ಷದಿಂದ ಖಾಲಿ ಅಂತ ಬರೆದುಕೊಂಡಿದ್ದೇವೆ. ಹೌದು ತಾನೇ?”

“ಹೌದು ಸರ್. ಪೂರ್ತಿ ಖಾಲಿ.”

ಅರವತ್ತು ತಲೆಗಳು ಒಟ್ಟಿಗೆ ಸುಭದ್ರಾಳ ಕಡೆ ತಿರುಗಿದವು. ಅವುಗಳ ಹಿಂದೆ ಅಧ್ಯಕ್ಷರ ಕನ್ನಡಕವೂ ನಿಧಾನವಾಗಿ ತಿರುಗಿತು. “ಇವರು ಮೇಲೆ ನಮ್ಮ ಜೊತೆಗೇ ಇದ್ದರಲ್ಲ? ನೀವು ಯಾರು, ಮೇಡಂ?”

ಶ್ರಾವ್ಯಾಳ ಅರ್ಜಿ ಪರಿತೋಷ್ ಬಾಬು ಅವರ ಕೈಯಲ್ಲೇ ಇತ್ತು. ಅದರ ಮೇಲೆ ಇನ್ನೂ ಸಹಿ ಬಿದ್ದಿರಲಿಲ್ಲ. ಸುಭದ್ರಾ ಅರ್ಜಿಯನ್ನು ನೋಡಿದಳು, ಮಗಳನ್ನು ನೋಡಿದಳು. ಆಮೇಲೆ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ ಹೇಳಿದಳು:

“ಆ ಖಾಲಿ ಹುದ್ದೆ ನಾನೇ, ಸರ್.”