ಕಡಲೆಗಾತ್ರದ ಮಾತ್ರೆ

ಎಪ್ಪತ್ತು ದಾಟಿದ ಮೇಲೆ ನನ್ನ ಗುಂಡಿಗೆಯ ಬಡಿತ ತಾಳ ತಪ್ಪಿತು. ಇಸಿಜಿಯ ಗೆರೆ ಕಂಡು ಡಾಕ್ಟರೇ ಬೆವೆತುಹೋದರು.

"ರಕ್ತ ತೆಳುಮಾಡೋ ಮಾತ್ರೆ ಇದು. ಬಿಟ್ರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುತ್ತೆ, ಹುಷಾರ್!"

ಕೋಣದ ಕೊಂಬು ಹಿಡಿದು ಮಲಗಿಸಿದವನಿಗೆ ಕಡಲೆಗಾತ್ರದ ಮಾತ್ರೆಯೇ? ಎಲ್ಲವನ್ನೂ ಮಲ್ಲಿಗೆ ಬುಡಕ್ಕೆ ಎಸೆದೆ. ಬಳ್ಳಿ ಮಾಳಿಗೆ ದಾಟಿತು.

"ಮಾತ್ರೆ ನುಂಗಿದ್ರಾ?" ದಿನಾ ಕೇಳುತ್ತಿದ್ದಳು ನನ್ನ ಹೆಂಡತಿ ವೇಣಿ.

"ನುಂಗಿದೆ ಕಣೇ. ಇನ್ನೂ ನೂರು ವರ್ಷ ನಿನ್ನ ತಲೆ ತಿಂತೀನಿ."

"ನನ್ನಾಣೆಗೂ?"

"ನಿನ್ನಾಣೆಗೂ."

ಇಂದು ಬೆಳಗ್ಗೆ ಕಾಫಿ ಲೋಟ ಕೈಜಾರಿತು, ಹಿಂದೆಯೇ ನಾನೂ ಬಿದ್ದೆ. ಆಸ್ಪತ್ರೆಯ ಮಂಚದ ಮೇಲಿಂದಲೇ ಈ ಕಥೆಯನ್ನೆಲ್ಲ ಊರಿಗೇ ಕೇಳುವಂತೆ ವೇಣಿಗೆ ಹೇಳಿದೆ.

ಅವಳು ನನ್ನ ಸೊಟ್ಟ ಬಾಯಿಂದ ಇಳಿಯುತ್ತಿದ್ದ ಜೊಲ್ಲು ಒರೆಸುತ್ತ ಡಾಕ್ಟರನ್ನು ಕೇಳಿದಳು: "ಮಾತ್ರೆ ಒಂದು ದಿನಾನೂ ತಪ್ಪಿಸಿಲ್ಲ ಇವ್ರು. ಮತ್ಯಾಕೆ ಡಾಕ್ಟ್ರೇ, ಒಂದು ಮಾತೂ ಹೊರಡ್ತಿಲ್ಲ?"